ಕೊಲಂಬೊದಲ್ಲಿ ಬಿಟ್ಟು ಬಂದ ಮುನಿಶಾಮಮ್ಮನವರ ಬಗ್ಗೆ ಮೊಮ್ಮಗಳ ಹೇಳಿಕೆ

ನನ್ನ ಅಜ್ಜಿ ಮುನಿಶಾಮಮ್ಮನವರನ್ನು ಶ್ರೀಲಂಕಾದ ಕೊಲಂಬೊ ನಗರದ ಒಂದು ಬೌದ್ಧ ವಿಹಾರದಲ್ಲಿ ಗೊತ್ತಿದ್ದೂ ಬಿಟ್ಟು ಬರಲಾಗಿದೆ. ಅವರು ದಾರಿ ತಪ್ಪಿಸಿಕೊಂಡಿಲ್ಲ. ತಾವಾಗಿ ಅಲ್ಲಿ ಉಳಿದುಕೊಂಡೂ ಇಲ್ಲ.

ಇದನ್ನು ಹೇಳುತ್ತಿರುವ ನಾನು ಅಮೃತ, ತಂದೆ ದಿವಂಗತ ಬಯ್ಯಪ್ಪ, ವಯಸ್ಸು ಇಪ್ಪತ್ತೆರಡು ವರ್ಷ, ಹಾಲು ಉತ್ಪಾದಕರ ಸಂಘದಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ, ವಾಸ ಶಾಲೆ ಹಿಂದಿನ ಬೀದಿ, ಜಂಗಮಕೋಟೆ, ಶಿಡ್ಲಘಟ್ಟ ತಾಲ್ಲೂಕು, ಕೋಲಾರ ಜಿಲ್ಲೆ. ಈ ದಿನ ಶಿಡ್ಲಘಟ್ಟದ ಠಾಣೆಗೆ ಬಂದು, ನನ್ನ ಹೇಳಿಕೆಯನ್ನು ನಾನೇ ಬರೆದುಕೊಡುತ್ತೇನೆಂದು ಕೇಳಿ, ಅನುಮತಿ ಪಡೆದು ಬರೆಯುತ್ತಿರುವ ಸಂಗತಿ ಹೀಗಿದೆ.

ನಮ್ಮ ಮನೆಯಲ್ಲಿ ಈಗ ಇರುವುದು ನಾನು ಮತ್ತು ಅಜ್ಜಿ ಇಬ್ಬರೇ. ಅಜ್ಜಿಗೆ ಅರವತ್ತೆಂಟು ವರ್ಷ. ಕಣ್ಣು, ಕಿವಿ ಚೆನ್ನಾಗಿವೆ. ಕನ್ನಡ, ತೆಲುಗು ಮಾತನಾಡುತ್ತಾರೆ. ತಮಿಳು ಕೇಳಿದರೆ ಅಲ್ಪಸ್ವಲ್ಪ ತಿಳಿಯುತ್ತದೆ. ಓದು ಬರಹ ಇಲ್ಲ. ನಾವು ಬೌದ್ಧ ಧಮ್ಮ ಸ್ವೀಕರಿಸಿದ ಕುಟುಂಬ. ನಮ್ಮ ಊರಿನಲ್ಲಿ ಅಂತಹ ಕುಟುಂಬಗಳ ಒಂದು ಸಂಘವಿದೆ. ನಿವೃತ್ತ ಮುಖ್ಯೋಪಾಧ್ಯಾಯರಾದ ನಲ್ಲಪ್ಪನವರು ಅದರ ಅಧ್ಯಕ್ಷರು. ಸಂಘದ ಹಿರಿಯರಿಗೆ ಒಮ್ಮೆ ಬೌದ್ಧರ ದೇಶವನ್ನು ತೋರಿಸಬೇಕೆಂದು ಸದಸ್ಯರು ಮೂರು ವರ್ಷ ಚೀಟಿ ಕಟ್ಟಿದ್ದರು. ಅಜ್ಜಿಗೆ ಬುದ್ಧನಿಗಿಂತ ಹೆಚ್ಚಾಗಿ ಹಡಗು ನೋಡುವ ಆಸೆ ಇತ್ತು. ಅದನ್ನು ಅವರು ಎಲ್ಲರ ಎದುರಿಗೇ ಹೇಳುತ್ತಿದ್ದರು.

ಪ್ರವಾಸದ ಏರ್ಪಾಡು ಮಾಡಿದವರು ಚಿಂತಾಮಣಿ ಬಸ್ ನಿಲ್ದಾಣದ ಎದುರು ಟೂರ್ಸ್ ಕಚೇರಿ ನಡೆಸುವ ಅಂಬರೀಶ್, ವಯಸ್ಸು ಸುಮಾರು ಮೂವತ್ತೈದು. ಅವರೂ ನಮ್ಮವರೇ. ನಮ್ಮ ಜನರಲ್ಲಿ ಇಂತಹ ವ್ಯವಹಾರಕ್ಕೆ ಇಳಿದ ಮೊದಲನೆಯವರು ಅವರೆಂದು ನಾನು ಸಂಘದ ಸಭೆಯಲ್ಲಿ ಎದ್ದು ನಿಂತು ಹೊಗಳಿದ್ದೆ. ಡಿಸೆಂಬರ್ ತಿಂಗಳಲ್ಲಿ ಅವರು ಜಂಗಮಕೋಟೆಯ ನಮ್ಮ ಸಂಘದ ಕೊಠಡಿಗೆ ಬಂದು ಎಲ್ಲರ ಪಾಸ್‌ಪೋರ್ಟ್ ತೆಗೆದುಕೊಂಡು ಹೋದರು.

ಅಂಬರೀಶ್ ಅವರನ್ನು ಬಿಟ್ಟು ನಾವು ಹದಿನೆಂಟು ಜನ ರೈಲಿನಲ್ಲಿ ಕೊಚ್ಚಿಗೆ ಹೋಗಿ, ಜನವರಿ ಆರನೇ ತಾರೀಖು ಮಂಗಳವಾರ ಬೆಳಗ್ಗೆ ಪ್ರವಾಸಿ ಹಡಗು ಹತ್ತಿದೆವು. ಅಜ್ಜಿಗೆ ಸಂಘದ ಚಿಕ್ಕವೆಂಕಟಮ್ಮನವರ ಜೊತೆ ಒಂದು ಕೋಣೆ ಕೊಟ್ಟಿದ್ದರು. ಹಾಸಿಗೆ ಸರಿಮಾಡಲು ಹಡಗಿನ ಹುಡುಗರು ಬರುತ್ತಾರೆಂದು ನಾನು ಹೇಳಿದರೂ ಅಜ್ಜಿ ತಮ್ಮ ಹೊದಿಕೆಯನ್ನು ತಾವೇ ಮಡಿಸಿಟ್ಟರು. ಬೇರೆಯವರ ಮನೆಯ ಮಕ್ಕಳಿಂದ ಹಾಸಿಗೆ ಎತ್ತಿಸುವುದು ಬೇಡವೆಂದರು. ಮರುದಿನ ಬುಧವಾರ ಬೆಳಗ್ಗೆ ಎಂಟು ಗಂಟೆಗೆ ಹಡಗು ಕೊಲಂಬೊ ಬಂದರಿನಲ್ಲಿ ನಿಂತಿತು. ಸಂಜೆ ಆರಕ್ಕೆ ಅದು ಹೊರಡುವುದಿತ್ತು. ಇಳಿಯುವಾಗ ಪ್ರತಿಯೊಬ್ಬರಿಗೂ ಒಂದು ಕಾರ್ಡು ಕೊಟ್ಟು, ಹತ್ತುವಾಗ ಹಿಂತಿರುಗಿಸಬೇಕೆಂದು ಹೇಳಿದರು. ಪಾಸ್‌ಪೋರ್ಟ್‌ಗಳು ಹಡಗಿನಲ್ಲೇ ಉಳಿದವು.

ಅಂದು ಹುಣ್ಣಿಮೆ. ಆ ದೇಶದಲ್ಲಿ ಹುಣ್ಣಿಮೆ ದಿನ ರಜೆ. ಗಂಡಸರು ಹೆಂಗಸರು ಬಿಳಿ ಬಟ್ಟೆ ಉಟ್ಟು ವಿಹಾರಕ್ಕೆ ಹೋಗಿ ಶೀಲ ತೆಗೆದುಕೊಂಡು, ಅಂದರೆ ಆ ದಿನದ ವ್ರತದ ಮಾತುಗಳನ್ನು ಹೇಳಿ, ಸಂಜೆಯವರೆಗೆ ಕೂರುತ್ತಾರೆ. ಇದು ನಮಗೆ ಯಾರಿಗೂ ಮೊದಲೇ ತಿಳಿದಿರಲಿಲ್ಲ. ನಮ್ಮ ಸಂಘದ ಕಾರ್ಯಕ್ರಮಗಳಿಗೆ ಹೆಂಗಸರು ಬಿಳಿ ಸೀರೆಯನ್ನೇ ಉಡುವುದರಿಂದ ಅಂದೂ ಎಲ್ಲರೂ ಅದನ್ನೇ ಉಟ್ಟಿದ್ದರು. ಜನಸಂದಣಿಯಲ್ಲಿ ನಮ್ಮವರನ್ನು ಗುರುತಿಸುವುದು ಸುಲಭವಾಗುತ್ತದೆ ಎಂದು ಅಂಬರೀಶ್ ಸಂತೋಷಪಟ್ಟರು. ಬಂದರಿನ ಗೇಟು ದಾಟಿ ರಸ್ತೆಗೆ ಬಂದಾಗ ಇಡೀ ಊರು ಬಿಳಿಯಾಗಿತ್ತು.

ಹಿರಿಯರು ಹದಿನಾಲ್ಕು ಜನ ಒಂದು ಬಸ್ಸಿನಲ್ಲಿ, ಕಿರಿಯರು ನಾಲ್ಕು ಜನ ಒಂದು ವ್ಯಾನಿನಲ್ಲಿ ಹೊರಟೆವು. ಅಂಬರೀಶ್ ಬಸ್ಸಿನಲ್ಲಿದ್ದರು. ಬಸ್ಸು ಹೊರಡುವ ಮೊದಲು ಅವರು ಹೆಸರು ಕೂಗಿ ಹಾಜರಿ ತೆಗೆದುಕೊಳ್ಳಲು ಹೋದರು. ನಲ್ಲಪ್ಪನವರು ಬೇಡವೆಂದು ತಡೆದರು. ಇದನ್ನು ವಿವರಿಸಬೇಕಾಗಿದೆ. ನಮ್ಮ ಹಿರಿಯರು ಜೀತಕ್ಕಿದ್ದ ಕಾಲದಲ್ಲಿ ಪ್ರತಿದಿನ ಬೆಳಗ್ಗೆ ಒಡೆಯರ ಮನೆಯ ಮುಂದೆ ಅವರ ಹೆಸರನ್ನು ಅರ್ಧಕ್ಕೆ ಮುರಿದು ಕೂಗುತ್ತಿದ್ದರಂತೆ. ಅಜ್ಜಿಯನ್ನು ಮುನ್ಶಿ ಎಂದು ಕರೆಯುತ್ತಿದ್ದರು. ಆದ್ದರಿಂದ ಹಿರಿಯರನ್ನು ಸಾರ್ವಜನಿಕವಾಗಿ ಹೆಸರು ಹಿಡಿದು ಕೂಗಬಾರದು, ತಲೆ ಎಣಿಸಿದರೆ ಸಾಕು ಎಂಬುದು ನಮ್ಮ ಸಂಘದ ನಿಯಮ. ನಾನು ಆ ನಿಯಮದ ಪರ. ಈಗಲೂ ಅದು ತಪ್ಪೆಂದು ಒಪ್ಪುವುದಿಲ್ಲ. ಅಂಬರೀಶ್ ಹದಿನಾಲ್ಕು ತಲೆ ಎಣಿಸಿಕೊಂಡರು.

ಮೊದಲು ಕಡಲ ತೀರದ ಬಯಲಿಗೆ ಕರೆದುಕೊಂಡು ಹೋದರು. ಬಿಸಿಲು ಬಹಳ ಇತ್ತು. ಗಾಡಿಯವನೊಬ್ಬ ಕಿತ್ತಳೆ ಬಣ್ಣದ ಎಳನೀರು ಕೊಚ್ಚಿ ಕೊಟ್ಟನು. ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಕಾಮಾಲೆ ಬಂದಿರುವ ಕಾಯಿ ಕೊಡುತ್ತಿದ್ದಾನೆಂದು ಚಿಕ್ಕವೆಂಕಟಮ್ಮನವರಿಗೆ ಹೇಳಿದರು. ಆಮೇಲೆ ಇನ್ನೊಂದು ಕೇಳಿ ಕುಡಿದರು. ಅಲ್ಲಿಂದ ಗಡಿಯಾರದ ಗೋಪುರ, ಹಳೆಯ ಕೋಟೆಯ ಬೀದಿ ನೋಡಿದೆವು. ಅಂಗಡಿಗಳು ಮುಚ್ಚಿದ್ದವು. ಬೀದಿಯ ತಿರುವುಗಳಲ್ಲಿ ಸೈನಿಕರು ಮರಳು ಮೂಟೆಗಳ ಹಿಂದೆ ಬಂದೂಕು ಹಿಡಿದು ನಿಂತಿದ್ದರು. ಯುದ್ಧ ನಿಂತು ಎರಡು ವರ್ಷವಾಗುತ್ತಾ ಬಂತೆಂದು, ನಮಗೆ ಊರು ತೋರಿಸಲು ಗೊತ್ತುಮಾಡಿದ್ದ ಅಲ್ಲಿಯ ಮಾರ್ಗದರ್ಶಿ ಹೇಳಿದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಲ್ಲಪ್ಪನವರು ಕನ್ನಡದಲ್ಲಿ ತಿಳಿಸುತ್ತಿದ್ದರು.

ಹನ್ನೆರಡೂವರೆಗೆ ಬಂದರಿನಿಂದ ಮೂರು ಕಿಲೋಮೀಟರ್ ದೂರದ ಒಂದು ವಿಹಾರಕ್ಕೆ ಬಂದೆವು. ಒಳಗೆ ದೊಡ್ಡ ಅರಳಿ ಮರ, ಅದರ ಸುತ್ತ ಕಟ್ಟೆ, ಕಟ್ಟೆಯ ಕೆಳಗೆ ಚಾಪೆಗಳ ಮೇಲೆ ನೂರಾರು ಹೆಂಗಸರು ಕೂತಿದ್ದರು. ಅಜ್ಜಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮರಕ್ಕೆ ಕೈಮುಗಿದು, ಜಾಗ ಹುಡುಕುತ್ತಿದ್ದಾಗ ಒಬ್ಬ ಹೆಂಗಸು ತಮ್ಮ ಚಾಪೆಯಲ್ಲಿ ಸರಿದು ಜಾಗ ಕೊಟ್ಟರು. ಅಜ್ಜಿ ಕೂತರು. ಅವರನ್ನು ನಾನು ಕೊನೆಯ ಸಲ ನೋಡಿದ್ದು ಆಗ. ಆ ಹೆಂಗಸು ಶೀಲದ ಪದಗಳನ್ನು ಹೇಳುತ್ತಿದ್ದರು, ಅಜ್ಜಿಯೂ ಅವನ್ನೇ ಜೊತೆಗೆ ಹೇಳುತ್ತಿದ್ದರು. ಪಂಚಶೀಲಕ್ಕೆ ನಮ್ಮಲ್ಲಿಯೂ ಅವೇ ಪಾಲಿ ಪದಗಳು.

ನಾನು ಅಲ್ಲಿ ನಿಲ್ಲಲಿಲ್ಲ. ಕಾರಣ ಇಷ್ಟೆ. ಬುದ್ಧನ ದೇಶದಲ್ಲಿ ಜಾತಿ ಇಲ್ಲವೆಂದು ನಾನು ಓದಿದ ಕಿರುಹೊತ್ತಿಗೆಗಳಲ್ಲಿ ಬರೆದಿತ್ತು. ಇಲ್ಲಿಯ ಕೆಲವು ಪಂಗಡಗಳಲ್ಲಿ ಭಿಕ್ಷುವಾಗಲು ಜಾತಿ ನೋಡುವುದುಂಟು ಎಂದು ಮಾರ್ಗದರ್ಶಿ ಸಹಜವಾಗಿ ಹೇಳಿದರು. ನಾನು ಅವರೊಂದಿಗೆ ವಾದಕ್ಕೆ ನಿಂತೆ. ಅವರು ತಾವು ಮಾಡಿದ್ದಲ್ಲವೆಂದರು. ಅದು ನಿಜ. ಅಜ್ಜಿಗೆ ಹೇಳದೆ ನಾನು ಹೊರಗೆ ಬಂದು ವ್ಯಾನಿನಲ್ಲಿ ಕೂತೆ. ಸ್ವಲ್ಪ ಹೊತ್ತಿನಲ್ಲಿ ವ್ಯಾನು ವಸ್ತುಸಂಗ್ರಹಾಲಯಕ್ಕೆ ಹೊರಟಿತು. ಬಸ್ಸಿನವರು ವಿಹಾರದಲ್ಲೇ ಇದ್ದು ನಾಲ್ಕೂವರೆಗೆ ಹೊರಡುವುದೆಂದು ಮಾತಾಗಿತ್ತು. ಹೊರಡುವಾಗ ತಾನೇ ಬಂದು ಎಲ್ಲರನ್ನೂ ಎಬ್ಬಿಸುತ್ತೇನೆ, ಯಾರೂ ಗಡಿಯಾರ ನೋಡುವ ಅಗತ್ಯವಿಲ್ಲ ಎಂದು ಅಂಬರೀಶ್ ಹಿರಿಯರಿಗೆ ಹೇಳಿದ್ದನ್ನು ಹೋಗುವ ಮೊದಲು ಕೇಳಿದ್ದೇನೆ.

ನಮ್ಮ ವ್ಯಾನು ಐದು ಗಂಟೆಗೆ ಬಂದರಿಗೆ ಬಂತು. ನಾವು ನಾಲ್ವರೂ ಕಾರ್ಡು ಕೊಟ್ಟು ಹಡಗು ಹತ್ತಿದೆವು. ಆರಕ್ಕೆ ಹಡಗು ಹೊರಟಿತು. ಮೇಲಿನ ಅಂತಸ್ತಿನಲ್ಲಿ ಸಂಗೀತ ಹಾಕಿದ್ದರು. ನಾನು ಊರಿನ ದೀಪಗಳನ್ನು ನೋಡುತ್ತಾ ನಿಂತಿದ್ದೆ.

ಏಳು ಗಂಟೆಗೆ ಊಟದ ಮನೆಯಲ್ಲಿ ಅಜ್ಜಿ ಕಾಣಲಿಲ್ಲ. ಅಂಬರೀಶ್ ಅವರನ್ನು ಕೇಳಿದೆ. ಅಜ್ಜಿಗೆ ತಲೆನೋವು, ಮಲಗಿದ್ದಾರೆ, ಎಬ್ಬಿಸಬೇಡ ಎಂದರು. ಹೇಳುವಾಗ ಅವರು ತಟ್ಟೆ ಹಿಡಿದಿದ್ದರು, ತಟ್ಟೆಯಲ್ಲಿ ಏನೂ ಇರಲಿಲ್ಲ. ನಾನು ಮೊಸರನ್ನ ತೆಗೆದುಕೊಂಡು ಕೋಣೆಗೆ ಹೋದೆ. ಚಿಕ್ಕವೆಂಕಟಮ್ಮನವರು ಒಬ್ಬರೇ ಕಾಲು ನೀವಿಕೊಳ್ಳುತ್ತಾ ಕೂತಿದ್ದರು. ಅಜ್ಜಿಯ ಹೊದಿಕೆ ಬೆಳಗ್ಗೆ ಮಡಿಸಿಟ್ಟಂತೆಯೇ ಇತ್ತು. ಅಜ್ಜಿ ಎಲ್ಲಿ ಎಂದು ಅವರೇ ನನ್ನನ್ನು ಕೇಳಿದರು.

ಅವರು ಹೇಳಿದ್ದು ಇದು. ವಿಹಾರದಿಂದ ಹೊರಡುವಾಗ ಅಂಬರೀಶ್ ಬಾಗಿಲಲ್ಲಿ ನಿಂತು ಕೈತಟ್ಟಿ, ಬರ್ರಪ್ಪಾ, ಬರ್ರಮ್ಮಾ ಎಂದು ಕರೆದರು. ಬಂದವರೆಲ್ಲ ಹತ್ತಿದರು. ಅಜ್ಜಿ ಕೂತು ಬಂದಿದ್ದ ಸೀಟಿನಲ್ಲಿ ಬಿಳಿ ಸೀರೆಯ ಒಬ್ಬ ವಯಸ್ಸಾದ ಹೆಂಗಸು ಬಂದು ಕೂತರು. ಆ ಊರಿನವರು. ಹುಣ್ಣಿಮೆಗೆ ಭಕ್ತರನ್ನು ಕರೆದೊಯ್ಯುವ ಧರ್ಮದ ಬಸ್ಸೆಂದು ತಿಳಿದು ಹತ್ತಿದ್ದರೆಂದು ಕಾಣುತ್ತದೆ. ಅಂಬರೀಶ್ ಎಣಿಸಿದರು. ಹದಿನಾಲ್ಕು ಸರಿಯಾಯಿತು. ಬಸ್ಸು ಹೊರಟಿತು. ಬೇರೆಯವರು ಕೂತರೆ ಏಕೆ ಹೇಳಲಿಲ್ಲವೆಂದು ನಾನು ಕೇಳಿದೆ.

"ನಿನ್ ಜೊತೆ ವ್ಯಾನಲ್ಲಿ ಹೋದ್ಳು ಅನ್ಕೊಂಡೆ ಕಣಮ್ಮ. ಆಯಮ್ಮನ್ನ ಅಂಬರೀಶನೇ ಹತ್ತಿಸ್ಕೊಂಡವನೆ ಅನ್ಕೊಂಡೆ. ಆಯಮ್ಮ ನಕ್ತು, ನಾನೂ ನಕ್ಕೆ. ಮಾತ್ ಬರಲ್ವಲ್ಲ, ಇನ್ನೇನ್ ಮಾಡ್ಲಿ" ಎಂದು ಚಿಕ್ಕವೆಂಕಟಮ್ಮನವರು ಹೇಳಿದರು.

ಹುಣ್ಣಿಮೆಯ ಜನರ ನಡುವೆ ಬಸ್ಸು ಮೆಲ್ಲಗೆ ಸಾಗಿತಂತೆ. ಬಂದರಿನ ಗೇಟಿಗೆ ಸ್ವಲ್ಪ ಮೊದಲು, ರಸ್ತೆ ಬದಿಯಲ್ಲಿ ಪಾನಕ ಹಂಚುತ್ತಿದ್ದ ಚಪ್ಪರದ ಬಳಿ ಬಸ್ಸು ನಿಧಾನವಾದಾಗ ಆ ಹೆಂಗಸು ಎದ್ದು, ಎಲ್ಲರಿಗೂ ಕೈಮುಗಿದು ಇಳಿದುಹೋದರು. ಆಗ ಅಂಬರೀಶ್ ಬಸ್ಸಿನ ಹಿಂಭಾಗದವರೆಗೆ ನಡೆದು ಹೋಗಿ ಪ್ರತಿ ಸೀಟು ನೋಡಿ ಬಂದು, ಮುಂದೆ ಕೂತರು. ಯಾರಿಗೂ ಏನೂ ಹೇಳಲಿಲ್ಲ. ಆಗ ಬಸ್ಸಿನಲ್ಲಿದ್ದ ನಲ್ಲಪ್ಪನವರ ಗಡಿಯಾರದಲ್ಲಿ ಐದು ಗಂಟೆ ದಾಟಿ ಐದು ನಿಮಿಷ. ವಿಹಾರ ಮೂರು ಕಿಲೋಮೀಟರ್ ಹಿಂದಿತ್ತು. ಹಡಗು ಹೊರಡಲು ಐವತ್ತೈದು ನಿಮಿಷ ಬಾಕಿ ಇತ್ತು.

ಹಡಗಿನ ಏಣಿಯ ಬಳಿ ನಡೆದದ್ದನ್ನು ಅಂಬರೀಶ್ ಅವರ ಪಕ್ಕದಲ್ಲೇ ನಿಂತಿದ್ದ ನಲ್ಲಪ್ಪನವರು ನನಗೆ ನಂತರ ತಿಳಿಸಿದರು. ಹಿರಿಯರು ಕಳೆದುಕೊಂಡಾರೆಂದು ಬೆಳಗ್ಗೆಯೇ ಒಟ್ಟುಮಾಡಿಕೊಂಡಿದ್ದ ಬಸ್ಸಿನವರ ಹದಿನಾಲ್ಕು ಕಾರ್ಡುಗಳು ಅಂಬರೀಶ್ ಅವರ ಚೀಲದಲ್ಲಿದ್ದವು. ಹತ್ತಿದವರು ಹದಿಮೂರು ಜನ. ಹಡಗಿನ ಕಾವಲಿನವನು ಕೇಳಿದ್ದಕ್ಕೆ, ಒಬ್ಬರು ವ್ಯಾನಿನವರ ಜೊತೆ ಆಗಲೇ ಮೇಲೆ ಹೋಗಿದ್ದಾರೆ ಎಂದು ಅಂಬರೀಶ್ ಇಂಗ್ಲಿಷಿನಲ್ಲಿ ಹೇಳಿ ಎಲ್ಲ ಕಾರ್ಡುಗಳನ್ನೂ ಕೊಟ್ಟರು. ನಲ್ಲಪ್ಪನವರು ಅದನ್ನು ನಂಬಿದರು. ಹೀಗಾಗಿ ಹಡಗಿನವರ ಲೆಕ್ಕದಲ್ಲಿ ಅಜ್ಜಿ ಹಡಗಿನಲ್ಲಿದ್ದರು.

ನಾನು ಮತ್ತು ನಲ್ಲಪ್ಪನವರ ಮಗ ಮಧುಸೂದನ್ ಎಂಟು ಗಂಟೆಗೆ ಹಡಗಿನ ಅಧಿಕಾರಿಯ ಬಳಿ ಹೋದೆವು. ಅವರು ಹಡಗನ್ನೆಲ್ಲ ಹುಡುಕಿಸಿ, ಕೊಲಂಬೊಗೆ ವೈರ್‌ಲೆಸ್ ಮಾಡಿದರು. ವಿಹಾರದಲ್ಲಿ ಅಂತಹವರು ಯಾರೂ ಇಲ್ಲವೆಂದು ಬೆಳಗ್ಗೆ ಉತ್ತರ ಬಂತು. ಗುರುವಾರ ಸಂಜೆ ಕೊಚ್ಚಿಯಲ್ಲಿ ಇಳಿದೆವು. ಅಲ್ಲಿ ಪಾಸ್‌ಪೋರ್ಟುಗಳನ್ನು ಹಡಗಿನವರು ಒಟ್ಟಾಗಿ ಅಂಬರೀಶ್ ಅವರ ಕೈಗೆ ಕೊಟ್ಟರು. ಅಜ್ಜಿಯದೂ ಅದರಲ್ಲಿತ್ತು. ಒಬ್ಬರು ಕಡಿಮೆ ಇರುವುದನ್ನು ಅಧಿಕಾರಿಗಳು ವಿಚಾರಿಸಿದಾಗ, ಆ ಮುದುಕಿ ಭಕ್ತಿಯಿಂದ ತಾವಾಗಿಯೇ ಅಲ್ಲಿ ಉಳಿದರು ಎಂದು ಅಂಬರೀಶ್ ಹೇಳಿದರು. ನಾನು ಅಲ್ಲವೆಂದು ಹೇಳಿದೆ. ನಿಮ್ಮ ಊರಿನ ಠಾಣೆಯಲ್ಲಿ ದೂರು ಕೊಡಿ ಎಂದು ಅವರು ಸೂಚಿಸಿದರು. ಶನಿವಾರ ಊರಿಗೆ ಬಂದೆವು. ಭಾನುವಾರ ಸಂಘದ ಸಭೆ ಸೇರಿ ಸ್ವಲ್ಪ ದಿನ ಕಾಯೋಣವೆಂದು ತೀರ್ಮಾನಿಸಿತು. ನಾನು ಮನೆಗೆ ಬಂದೆ. ಮಾಡುವ ಅಭ್ಯಾಸದಿಂದ ಎರಡು ಮುದ್ದೆ ಮಾಡಿದ್ದೆ.

ಸೋಮವಾರ, ಹನ್ನೆರಡನೇ ತಾರೀಖು, ಬೆಳಗ್ಗೆ ಹತ್ತೂವರೆಗೆ ಜಂಗಮಕೋಟೆಯ ಚಲಪತಿಯವರ ಎಸ್‌ಟಿಡಿ ಬೂತಿಗೆ ಕೊಲಂಬೊದಿಂದ ಫೋನು ಬಂತು. ಬೂತಿನ ನಂಬರು ಬರೆದ ಚೀಟಿ ಅಜ್ಜಿಯ ಎಲೆ ಅಡಿಕೆ ಸಂಚಿಯಲ್ಲಿತ್ತು, ಆ ದಿನವಷ್ಟೇ ಅಲ್ಲಿಯವರ ಕಣ್ಣಿಗೆ ಬಿದ್ದಿತ್ತು. ಚಲಪತಿಯವರು ಡೈರಿಗೆ ಓಡಿ ಬಂದು ನನ್ನನ್ನು ಕರೆದುಕೊಂಡು ಹೋದರು. ಮೊದಲು ಒಬ್ಬ ಹೆಂಗಸು ತಮಿಳಿನಲ್ಲಿ ಮಾತನಾಡಿದರು. ಅವರು ಹೇಳಿದ್ದನ್ನು ಚಲಪತಿಯವರು ನನಗೆ ತಿಳಿಸಿದರು. ವಿಹಾರದಲ್ಲಿ ಚಾಪೆ ಕೊಟ್ಟ ಹೆಂಗಸು ಈ ತಮಿಳಿನವರ ಪಕ್ಕದ ಮನೆಯವರು. ಅಜ್ಜಿ ಹುಣ್ಣಿಮೆಯ ಸಂಜೆಯಿಂದ ಆ ಚಾಪೆಯವರ ಮನೆಯಲ್ಲಿದ್ದಾರೆ. ಅಲ್ಲಿಯ ಪೊಲೀಸರು ಬಂದು ಬರೆದುಕೊಂಡು ಹೋಗಿದ್ದಾರೆ. ಹತ್ತೊಂಬತ್ತನೇ ತಾರೀಖು ಸೋಮವಾರದೊಳಗೆ ಪಾಸ್‌ಪೋರ್ಟ್ ತೋರಿಸದಿದ್ದರೆ, ಕಾಗದಪತ್ರವಿಲ್ಲದ ಪರದೇಶದವರನ್ನು ಇಡುವ ಜಾಗಕ್ಕೆ ಕಳಿಸಬೇಕಾಗುತ್ತದೆಂದು ಹೇಳಿದ್ದಾರೆ. ಅಲ್ಲಿಂದ ಹೊರಬರಲು ಎಷ್ಟು ತಿಂಗಳಾಗುತ್ತದೋ ಫೋನಿನಲ್ಲಿದ್ದ ಹೆಂಗಸಿಗೆ ಗೊತ್ತಿಲ್ಲ.

ಆಮೇಲೆ ಅಜ್ಜಿ ಮಾತನಾಡಿದರು. ಮೂರು ಹೊತ್ತೂ ಅನ್ನವೇ ಹಾಕುತ್ತಾರೆ, ಮದುವೆ ಮನೆಯಲ್ಲಿ ಇದ್ದಂತಿದೆ, ಹೊಟ್ಟೆ ಮಾತ್ರ ಒಪ್ಪುತ್ತಿಲ್ಲ ಎಂದರು. ಬಸ್ಸು ಹೊರಡುವಾಗ ಏಕೆ ಬರಲಿಲ್ಲವೆಂದು ನಾನು ಕೇಳಿದೆ.

"ಎಬ್ಬಿಸ್ತೀನಿ ಅಂದಿದ್ನಲ್ಲ ಅಂಬರೀಶ. ಅದಕ್ಕೇ ಕೂತಿದ್ದೆ. ಬರ್ರಮ್ಮಾ ಅಂತ ಕೇಳಿಸ್ತು ಕಣೇ, ಅಲ್ಲಿ ಎಲ್ರೂ ಅಮ್ಮಂದಿರೇ. ಮುನಿಶಾಮಮ್ಮಾ ಅಂತ ಒಂದ್ ಕೂಗು ಕೂಗಿದ್ರೆ ಎದ್ ಬರ್ತಿದ್ದೆ. ಕಣ್ ಮುಚ್ಚಿದ್ದೆ, ಕಿವಿ ಏನ್ ಮುಚ್ಚಿರ್ಲಿಲ್ಲ" ಎಂದು ಅಜ್ಜಿ ಹೇಳಿದರು.

ಸಂಜೆ ಹೆಂಗಸರೆಲ್ಲ ಎದ್ದಾಗ ಅಜ್ಜಿಯೂ ಎದ್ದು ನೋಡಿದರು. ನಮ್ಮವರು ಯಾರೂ ಇರಲಿಲ್ಲ. ಮತ್ತೆ ಅದೇ ಜಾಗದಲ್ಲಿ ಕೂತರು. ಹುಡುಕಿಕೊಂಡು ಬಂದವರಿಗೆ ಸಿಗಬೇಕಲ್ಲ ಎಂದು ಅಲ್ಲಾಡಲಿಲ್ಲವಂತೆ. ದೀಪ ಹಚ್ಚಿದ ಮೇಲೆ ಚಾಪೆಯವರು ಕೈಹಿಡಿದು ಎಬ್ಬಿಸಿದರು. ಹಡಗಿನವರು ಕಳಿಸಿದ ಜನ ಅದಾದ ಮೇಲೆ ಅಲ್ಲಿಗೆ ಹೋಗಿರಬೇಕು. ಇದನ್ನು ಹೇಳುವಾಗ ಅಜ್ಜಿಯ ಧ್ವನಿ ಎಂದಿನಂತೆಯೇ ಇತ್ತು. ನನ್ನದೂ ಹಾಗೆಯೇ ಇತ್ತೆಂದು ಚಲಪತಿಯವರು ಆಮೇಲೆ ಯಾರಿಗೋ ಹೇಳಿದ್ದಾರೆ.

ಮಂಗಳವಾರ, ಅಂದರೆ ನಿನ್ನೆ, ನಾನು ಮತ್ತು ಮಧುಸೂದನ್ ಚಿಂತಾಮಣಿಗೆ ಹೋಗಿ ಅಂಬರೀಶ್ ಅವರನ್ನು ಕಂಡೆವು. ಅವರು ಕುರ್ಚಿ ಕೊಟ್ಟು ಟೀ ತರಿಸಿದರು. ಪಾಸ್‌ಪೋರ್ಟ್ ತಮ್ಮ ಬಳಿ ಇದೆಯೆಂದು ಒಪ್ಪಿಕೊಂಡರು. ಬಸ್ಸಿನಲ್ಲೇ ಗೊತ್ತಾಯಿತೇ ಎಂದು ಮಧುಸೂದನ್ ಕೇಳಿದಾಗ, ವಾಪಸ್ ಹೋದರೆ ಹದಿಮೂರು ಜನ ಹಿರಿಯರಿಗೂ ಹಡಗು ತಪ್ಪುತ್ತಿತ್ತು, ಒಬ್ಬರನ್ನು ಹುಡುಕಲು ಎಲ್ಲರನ್ನೂ ಬೀದಿಯಲ್ಲಿ ನಿಲ್ಲಿಸಲೇ ಎಂದರು. ಹಡಗಿನವರಿಗೆ ಏಕೆ ಹೇಳಲಿಲ್ಲವೆಂದು ನಾನು ಕೇಳಿದೆ. ಅವರು ಮೇಜಿನ ಖಾನೆಯಿಂದ ಒಂದು ಬಿಳಿ ಹಾಳೆ ತೆಗೆದು ನಮ್ಮ ಮುಂದಿಟ್ಟರು. ಅಜ್ಜಿ ತಾವಾಗಿ ಉಳಿದರೆಂದು ನಾನು ಮತ್ತು ಸಂಘದವರು ಬರೆದು ಸಹಿ ಮಾಡಿಕೊಟ್ಟರೆ ಆ ಕ್ಷಣವೇ ಪಾಸ್‌ಪೋರ್ಟ್ ಕೊಡುವುದಾಗಿ ಹೇಳಿದರು. ಇಲ್ಲವಾದರೆ ಹಡಗಿನ ಕಂಪನಿ ತಮ್ಮ ಮೇಲೆ ಕೇಸು ಹಾಕುತ್ತದೆ, ಇನ್ನು ಮುಂದೆ ಯಾರೂ ತಮಗೆ ಟಿಕೆಟ್ ಕೊಡುವುದಿಲ್ಲ ಎಂದರು.

"ನಮ್ಮೋರಲ್ಲಿ ಒಬ್ಬ ಬೋರ್ಡ್ ಹಾಕ್ಕೊಂಡು ಕೂತವ್ನೆ. ಅದನ್ನ ನೀನೇ ಇಳಿಸ್ತೀಯೇನಮ್ಮ?" ಎಂದು ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಟೀ ಕುಡಿದು ಎದ್ದು ಬಂದೆ. ಅದರ ರುಚಿ ನನಗೆ ನೆನಪಿಲ್ಲ.

ಸಂಜೆ ನಲ್ಲಪ್ಪನವರು ಮನೆಗೆ ಬಂದರು. ಒಂದು ಸಾಲು ಬರೆದುಕೊಟ್ಟರೆ ಅಜ್ಜಿ ಮನೆಗೆ ಬರುತ್ತಾರೆ, ಅಂಬರೀಶನೂ ಉಳಿಯುತ್ತಾನೆ, ಊರವರ ಮುಂದೆ ನಮ್ಮ ಹುಡುಗನನ್ನು ಠಾಣೆಗೆ ಎಳೆಯುವುದು ಬೇಡ ಎಂದು ಬಹಳ ಹೊತ್ತು ಹೇಳಿದರು. ಬರೆಯಲು ನನಗೆ ಮನಸ್ಸಾಗಲಿಲ್ಲವೆಂದಲ್ಲ. ಪೆನ್ನು ಕೈಯಲ್ಲಿತ್ತು. ಆದರೆ ಫೋನು ಇಡುವ ಮೊದಲು ಅಜ್ಜಿ ಒಂದು ಮಾತು ಹೇಳಿದ್ದರು. ಅದನ್ನು ನಲ್ಲಪ್ಪನವರಿಗೆ ಹೇಳಿದೆ.

"ಇಲ್ಲಿ ಪೊಲೀಸ್ನೋರು, ನೀನಾಗೇ ಉಳ್ಕೊಂಡ್ಯಾ ಅಂತ ಈ ತಮಿಳಮ್ಮನ ಕೈಲಿ ಕೇಳ್ಸುದ್ರು. ಇಲ್ಲಪ್ಪ, ಬಿಟ್ಟು ಹೋದ್ರು ಅಂದೆ. ಬೆರಳೂ ಒತ್ತಿದ್ದೀನಿ. ಅಲ್ಲಿ ನೀವು ಬೇರೆ ಹೇಳ್ಬೇಡಿ. ಹೇಳುದ್ರೆ ನಾನೇ ಸುಳ್ಳಿ ಆಯ್ತೀನಿ" ಎಂಬುದು ಆ ಮಾತು.

ಇಲ್ಲಿಂದ ಬೇರೆ ಕಾಗದ ಹೋದರೆ, ಆ ದೇಶದವರು ಅನುಮತಿಯಿಲ್ಲದೆ ಉಳಿದ ಅಪರಾಧವನ್ನು ಅಜ್ಜಿಯ ಮೇಲೆಯೇ ಹೊರಿಸಬಹುದು. ಅರವತ್ತೆಂಟು ವರ್ಷದಲ್ಲಿ ಅವರನ್ನು ನಾನಾ ವಿಧದಲ್ಲಿ ಕರೆದಿದ್ದಾರೆ, ಸುಳ್ಳಿ ಎಂದು ಯಾರೂ ಕರೆದಿಲ್ಲ. ನಲ್ಲಪ್ಪನವರು ಎದ್ದು ಹೋದರು. ಈ ದಿನ ಬೆಳಗ್ಗೆ ಬಸ್ ನಿಲ್ದಾಣದಲ್ಲಿ ನನಗಿಂತ ಮೊದಲೇ ಬಂದು ನಿಂತಿದ್ದರು. ಈಗ ಠಾಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಾರೆ. ಹಡಗಿನ ಏಣಿಯ ಬಳಿ ತಾವು ಕೇಳಿದ ಮಾತನ್ನು ಅವರೇ ಹೇಳುತ್ತಾರೆ. ಅವರ ಹೇಳಿಕೆಯನ್ನೂ ಪಡೆಯಬೇಕು.

ಅಂಬರೀಶ್ ಅವರನ್ನು ಜೈಲಿಗೆ ಹಾಕಬೇಕೆಂಬ ಆಸೆ ನನಗಿಲ್ಲ. ಅವರು ನಮ್ಮವರೆಂಬುದು ನನಗೆ ಗೊತ್ತು. ಅಜ್ಜಿಯೂ ನಮ್ಮವರೇ. ನಾವು ಒಬ್ಬರನ್ನೊಬ್ಬರು ಲೆಕ್ಕದಿಂದ ಕೈಬಿಟ್ಟರೆ, ನಮ್ಮನ್ನು ಇಷ್ಟು ಕಾಲ ಲೆಕ್ಕಕ್ಕೆ ಹಿಡಿಯದವರನ್ನು ಪ್ರಶ್ನಿಸುವ ಹಕ್ಕು ನಮಗೆ ಉಳಿಯುವುದಿಲ್ಲ. ನನ್ನ ಬೇಡಿಕೆ ಎರಡು. ಅಜ್ಜಿಯ ಪಾಸ್‌ಪೋರ್ಟನ್ನು ಅಂಬರೀಶ್ ಅವರಿಂದ ಕೊಡಿಸಬೇಕು. ಈ ಹೇಳಿಕೆಯ ಪ್ರತಿಗೆ ಠಾಣೆಯ ಮೊಹರು ಹಾಕಿ ಕೊಡಬೇಕು. ಮಧುಸೂದನ್ ಅವರಿಗೆ ಶುಕ್ರವಾರ ರಾತ್ರಿ ಚೆನ್ನೈನಿಂದ ಕೊಲಂಬೊಗೆ ವಿಮಾನವಿದೆ. ಇಲ್ಲಿಂದ ಅವರು ಬೆಳಗ್ಗೆ ಒಂಬತ್ತಕ್ಕೆ ಹೊರಡಬೇಕು. ಪಾಸ್‌ಪೋರ್ಟ್ ಸಿಕ್ಕಿದರೆ ಎರಡನ್ನೂ ಒಯ್ಯುತ್ತಾರೆ. ಸಿಗದಿದ್ದರೆ ಈ ಕಾಗದವೊಂದನ್ನೇ ಒಯ್ಯುತ್ತಾರೆ.

ನಾನು ಕಂಡದ್ದನ್ನು ಕಂಡದ್ದೆಂದೂ, ಬೇರೆಯವರಿಂದ ಕೇಳಿದ್ದನ್ನು ಕೇಳಿದ್ದೆಂದೂ ಬರೆದಿದ್ದೇನೆ. ಬರೆದಾದ ಮೇಲೆ ಗಟ್ಟಿಯಾಗಿ ಓದಿ ಹೇಳಿದ್ದೇನೆ. ಇದರಲ್ಲಿ ಸುಳ್ಳಿದ್ದರೆ ಅದಕ್ಕೆ ನಾನೇ ಹೊಣೆ.

ಸ್ಥಳ: ಶಿಡ್ಲಘಟ್ಟ
ದಿನಾಂಕ: 14.01.2004, ಬುಧವಾರ
ಸಹಿ: ಬಿ. ಅಮೃತ

ನಾಳೆ ಸಂಕ್ರಾಂತಿ ಇರುವುದರಿಂದ, ಅಂಬರೀಶ್ ಅವರು ಮುನಿಶಾಮಮ್ಮನವರ ಪಾಸ್‌ಪೋರ್ಟ್ ಸಮೇತ ಇದೇ ಠಾಣೆಗೆ ಹಾಜರಾಗಬೇಕೆಂದು ಇಲ್ಲಿಯ ಅಧಿಕಾರಿಗಳು ಗೊತ್ತುಪಡಿಸಿರುವ ಸಮಯ: ಶುಕ್ರವಾರ, 16.01.2004, ಬೆಳಗ್ಗೆ ಎಂಟು ಗಂಟೆ. ನಾನು, ನಲ್ಲಪ್ಪನವರು ಮತ್ತು ಮಧುಸೂದನ್ ಆ ಹೊತ್ತಿಗೆ ಇಲ್ಲಿರುತ್ತೇವೆ.